50-30-20 ಸೂತ್ರ ನಮ್ಮ ಮನೆಗೆ ಹೊಂದುತ್ತಿಲ್ಲ, ಹಾಗಾದರೆ ಯಾವುದಕ್ಕೆ ಎಷ್ಟು ಇಡಬೇಕು?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ. ಒಬ್ಬರದು ತಿಂಗಳ ಸಂಬಳ. ಇನ್ನೊಬ್ಬರ ಆದಾಯ ಕೆಲಸ ಸಿಕ್ಕಂತೆ ಏರಿಳಿಯುತ್ತದೆ. ಇಬ್ಬರು ಮಕ್ಕಳು, ಬಾಡಿಗೆ ಮನೆ, ಒಂದು ವಾಹನದ ಸಾಲ. ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20 ಎನ್ನುವ ಸೂತ್ರ ಹಿಡಿದು ಆರು ತಿಂಗಳು ಲೆಕ್ಕ ಬರೆದೆವು. ಅಗತ್ಯಗಳೇ 65ರಿಂದ 70 ಆಗುತ್ತಿವೆ. ಅದರ ಮೇಲೆ ಪ್ರತಿ ತಿಂಗಳೂ ಏನಾದರೊಂದು ಅನಿರೀಕ್ಷಿತ ಖರ್ಚು. ಯಾವುದು ಅಗತ್ಯ, ಯಾವುದು ಆಸೆ ಅಂತ ನಮ್ಮಿಬ್ಬರಲ್ಲಿ ಜಗಳ ಬೇರೆ. ನಾವು ಎಲ್ಲಿ ತಪ್ಪುತ್ತಿದ್ದೇವೆ? ಯಾವ ಬಾಬತ್ತಿಗೆ ಎಷ್ಟು ಶೇಕಡಾ ಇಡಬೇಕು?

ಉತ್ತರ: ನೀವು ತಪ್ಪು ಮಾಡಿಲ್ಲ. ಆರು ತಿಂಗಳು ಬಿಡದೆ ಲೆಕ್ಕ ಬರೆದಿದ್ದೀರಲ್ಲ, ಅದು ಸಣ್ಣ ಕೆಲಸ ಅಲ್ಲ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಎರಡನೇ ತಿಂಗಳಿಗೇ ಪುಸ್ತಕ ಮೂಲೆ ಸೇರಿರುತ್ತದೆ. ನಿಮ್ಮ ಕೈಯಲ್ಲಿ ಈಗ ನಿಮ್ಮದೇ ಮನೆಯ ಅಂಕಿಗಳಿವೆ. ಅವು ಸೂತ್ರದ ಜೊತೆ ಹೊಂದುತ್ತಿಲ್ಲ ಅಂದರೆ ನಂಬಬೇಕಾದದ್ದು ನಿಮ್ಮ ಅಂಕಿಗಳನ್ನು.

ಆ ಸೂತ್ರ ಎಲ್ಲಿಂದ ಬಂತು ಅಂತ ಗೊತ್ತಾದರೆ ನಿಮ್ಮ ಮನಸ್ಸು ಸ್ವಲ್ಪ ಹಗುರಾಗಬಹುದು. ಅದನ್ನು ಜನರ ಬಾಯಿಗೆ ತಂದದ್ದು 2005ರಲ್ಲಿ ಬಂದ ಒಂದು ಪುಸ್ತಕ. ಬರೆದವರು ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು ಅಮೆಲಿಯಾ ವಾರನ್ ತ್ಯಾಗಿ. ವಾರನ್ ಆಗ ಕಾನೂನು ಪ್ರಾಧ್ಯಾಪಕಿ. ದಿವಾಳಿಯಾದ ಕುಟುಂಬಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅಗತ್ಯದ ಖರ್ಚು ಅರ್ಧದೊಳಗೆ ಇದ್ದರೆ, ಆದಾಯ ಥಟ್ಟನೆ ಕುಸಿದಾಗ ಮನೆ ನಿಭಾಯಿಸುವುದು ಸುಲಭ. 50 ಅನ್ನುವ ಅಂಕಿಯನ್ನು ನಾನು ಹಾಗೆ ಓದುತ್ತೇನೆ. ಅದು ಒಂದು ಸುರಕ್ಷತೆಯ ಗೆರೆ. ಗೆರೆಯ ಆಚೆ ಇರುವವರೆಲ್ಲ ದುಂದುವೆಚ್ಚ ಮಾಡುವವರು ಅಂತ ಅದರ ಅರ್ಥ ಅಲ್ಲ.

ಇನ್ನೂ ಹಳೆಯ ವಿಷಯ ಒಂದಿದೆ. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಎರ್ನ್‌ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಜಮಾ-ಖರ್ಚು ಹರಡಿಕೊಂಡು ಕೂತರು. ಅವರಿಗೆ ಕಂಡದ್ದು ಇಷ್ಟು: ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಜಾಸ್ತಿ. ಅರ್ಥಶಾಸ್ತ್ರದಲ್ಲಿ ಇದನ್ನು ಎಂಗೆಲ್ ನಿಯಮ ಅಂತಲೇ ಕರೆಯುತ್ತಾರೆ. ಕಾರಣ ಸರಳ. ಆದಾಯ ಅರ್ಧ ಆಯಿತು ಅಂತ ಹಸಿವು ಅರ್ಧ ಆಗುವುದಿಲ್ಲ. ಹಾಗಿರುವಾಗ ಎಲ್ಲ ಮನೆಗೂ ಒಂದೇ ಶೇಕಡಾ ಹೇಗೆ ಹೊಂದೀತು? ಆದಾಯ ದೊಡ್ಡದಿರುವ ಮನೆ 50ರೊಳಗೆ ಆರಾಮಾಗಿ ಇರುತ್ತದೆ. ಮಕ್ಕಳು ಚಿಕ್ಕವರಿರುವ, ಬಾಡಿಗೆ ಕಟ್ಟುವ, ಸಾಲ ತೀರಿಸುತ್ತಿರುವ ಮನೆಯಲ್ಲಿ 65 ಆದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

'ಮನೆಗೆ ಆದಾಯದ ಶೇ 30 ಮೀರಬಾರದು' ಅನ್ನುವ ಮಾತಿನ ಕತೆಯೂ ಹಾಗೇ. 1969ರಲ್ಲಿ ಅಮೆರಿಕದಲ್ಲಿ ಸರ್ಕಾರಿ ವಸತಿಯ ಬಾಡಿಗೆದಾರರಿಂದ ಆದಾಯದ ಶೇ 25ಕ್ಕಿಂತ ಜಾಸ್ತಿ ಬಾಡಿಗೆ ವಸೂಲಿ ಮಾಡಬಾರದು ಅಂತ ಕಾನೂನು ಬಂತು. 1981ರಲ್ಲಿ ಆ ಮಿತಿಯನ್ನು 30ಕ್ಕೆ ಏರಿಸಿದರು. ಒಂದು ದೇಶ ತನ್ನ ಸರ್ಕಾರಿ ಮನೆಗಳಿಗೆ ಹಾಕಿಕೊಂಡ ಮಿತಿ ಅದು. ಈಗ ಅದನ್ನೇ ಎಲ್ಲರಿಗೂ ಒಪ್ಪುವ ನಿಯಮದಂತೆ ಹೇಳುತ್ತಾರೆ.

ಹಾಗಂತ ಶೇಕಡಾ ಲೆಕ್ಕವೇ ಬೇಡ ಅನ್ನುತ್ತಿಲ್ಲ. ಅದು ಮೊದಲ ಹೆಜ್ಜೆ ಅಲ್ಲ, ಕೊನೆಯದು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಪದ ಬೇರೆಯೇ ಇದೆ: 'ಪ್ರತಿ ತಿಂಗಳೂ ಅನಿರೀಕ್ಷಿತ ಖರ್ಚು.' ಪ್ರತಿ ತಿಂಗಳೂ ಬರುವುದು ಅನಿರೀಕ್ಷಿತ ಹೇಗಾಗುತ್ತದೆ, ಅಲ್ವಾ? ನಿಮ್ಮ ಬಜೆಟ್ ಮುರಿಯುತ್ತಿರುವುದು ಇಲ್ಲೇ. ಬಾಡಿಗೆಯಿಂದ ಅಲ್ಲ, ದಿನಸಿಯಿಂದಲೂ ಅಲ್ಲ.

ತಿಂಗಳಿಗೊಮ್ಮೆ ಬರುವ ಖರ್ಚು ನಮಗೆ ನೆನಪಿರುತ್ತದೆ. ವರ್ಷಕ್ಕೆ ಒಂದೋ ಎರಡೋ ಸಲ ಬರುವುದು ನೆನಪಿರುವುದಿಲ್ಲ. ವಿಮೆಯ ಪ್ರೀಮಿಯಂ, ಶಾಲೆಯ ಫೀಸು, ವಾಹನದ ಸರ್ವಿಸು, ಟೈರು, ತೆರಿಗೆ, ಯಾರದೋ ಮದುವೆ, ಮಕ್ಕಳ ಹುಟ್ಟುಹಬ್ಬ, ರಜೆಯ ಪ್ರವಾಸ, ಕೆಟ್ಟುಹೋದ ಫ್ರಿಜ್ಜು. ಒಂದು ತಿಂಗಳು ಇದು, ಮುಂದಿನ ತಿಂಗಳು ಅದು. ಒಂದೊಂದನ್ನೇ ನೋಡಿದರೆ ಪ್ರತಿಯೊಂದೂ 'ಈ ತಿಂಗಳು ಮಾತ್ರ' ಅನ್ನಿಸುತ್ತದೆ. ಹನ್ನೆರಡು ತಿಂಗಳೂ ಹೀಗೇ ಅನ್ನಿಸುತ್ತಾ ವರ್ಷ ಕಳೆಯುತ್ತದೆ. ನಾವು ಮೊದಲ ಸಲ ಮನೆಯ ಬಜೆಟ್ ಹಾಕಿದಾಗ ನನಗೂ ಹೀಗೇ ಆಯಿತು. ಐದು ತಿಂಗಳು ಎಲ್ಲ ಸರಿಯಾಗಿ ನಡೆದು ಖುಷಿಯಲ್ಲಿದ್ದೆವು. ಆರನೇ ತಿಂಗಳು ವಿಮೆಯ ಕಂತು ಬಂತು. ಕಟ್ಟಲು ಕೈಸಾಲ ಮಾಡಿದೆವು. ಆ ವಿಮೆಯ ದಿನಾಂಕ ವರ್ಷದ ಹಿಂದೆಯೇ ನನಗೆ ಗೊತ್ತಿತ್ತು. ಅದಕ್ಕೆ ಬಜೆಟ್‌ನಲ್ಲಿ ಜಾಗ ಮಾತ್ರ ಇರಲಿಲ್ಲ.

ಆದ್ದರಿಂದ ಈ ವಾರವೇ ಒಂದು ಕೆಲಸ ಮಾಡಿ. ಬ್ಯಾಂಕಿನಿಂದ ಕಳೆದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಇಬ್ಬರೂ ಕೂತು, ತಿಂಗಳಿಗೊಮ್ಮೆ ಬಾರದ ಖರ್ಚುಗಳ ಮೇಲೆ ಗುರುತು ಹಾಕಿ. ಎಲ್ಲ ಕೂಡಿಸಿ, 12ರಿಂದ ಭಾಗಿಸಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಿಮ್ಮ ತಿಂಗಳ ಆದಾಯ 100 ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ ಶಾಲೆಗೆ 48, ವಿಮೆಗೆ 24, ಪ್ರವಾಸಕ್ಕೆ 18, ವಾಹನದ ಕೆಲಸಕ್ಕೆ 12, ಉಡುಗೊರೆ ಸಮಾರಂಭಗಳಿಗೆ 12, ಮನೆಯ ರಿಪೇರಿಗೆ 6 ಅಂದುಕೊಳ್ಳಿ. ಒಟ್ಟು 120. ಅಂದರೆ ತಿಂಗಳಿಗೆ 10. ನಿಮ್ಮ ಬಜೆಟ್‌ನಲ್ಲಿ ಈ 10ಕ್ಕೆ ಹೆಸರೇ ಇರಲಿಲ್ಲ. ಅದಕ್ಕೇ ಅದು ಪ್ರತಿ ತಿಂಗಳೂ ಉಳಿತಾಯದ ಪಾಲಿಗೆ ಕೈ ಹಾಕುತ್ತಿತ್ತು.

ಈ ಹಣವನ್ನು ಬೇರೆ ಖಾತೆಯಲ್ಲಿ ಇಡಿ. ತಿಂಗಳ ಖರ್ಚಿನ ಖಾತೆಯಲ್ಲೇ ಬಿಟ್ಟರೆ ಅದು 'ಉಳಿದಿರುವ ಹಣ' ಥರ ಕಾಣುತ್ತದೆ, ಕಂಡದ್ದು ಖರ್ಚಾಗುತ್ತದೆ. ಇಲ್ಲಿ ಒಂದು ತೊಡಕಿದೆ, ಎಚ್ಚರ. ಮೊದಲ ವರ್ಷ 12ರಿಂದ ಭಾಗಿಸಿದರೆ ಸಾಲುವುದಿಲ್ಲ. ಶಾಲೆಯ ಫೀಸು 48 ಕಟ್ಟಲು ಇನ್ನು ನಾಲ್ಕೇ ತಿಂಗಳಿದ್ದರೆ ತಿಂಗಳಿಗೆ 4 ಇಟ್ಟರೆ ಆಗ ಕೈಯಲ್ಲಿ ಇರುವುದು 16 ಮಾತ್ರ. ಮೊದಲ ಸುತ್ತಿಗೆ ತಿಂಗಳಿಗೆ 12 ಬೇಕು. ಅಷ್ಟು ಆಗದಿದ್ದರೆ ಆ ವರ್ಷದ ಪ್ರವಾಸವನ್ನು ಬಿಡಿ. ಎರಡನೇ ವರ್ಷದಿಂದ ಲೆಕ್ಕ ಸಮ ಆಗುತ್ತದೆ.

ಇದೇ ಜಾತಿಯ ಇನ್ನೊಂದು ಸಣ್ಣ ಸೋರಿಕೆ: ವಾರದ ಖರ್ಚನ್ನು ನಾಲ್ಕರಿಂದ ಗುಣಿಸಿ ತಿಂಗಳ ಖರ್ಚು ಅನ್ನುವುದು. ವರ್ಷಕ್ಕೆ 52 ವಾರ. 12ರಿಂದ ಭಾಗಿಸಿದರೆ ತಿಂಗಳಿಗೆ 4.33 ವಾರ. ನಾಲ್ಕು ಅಂತ ಹಿಡಿದರೆ ವರ್ಷದಲ್ಲಿ ನಾಲ್ಕು ವಾರದ ಖರ್ಚು ಲೆಕ್ಕದಿಂದಲೇ ಮಾಯ. ದಿನಸಿಯ ಬಾಬತ್ತು ಯಾವಾಗಲೂ ಸ್ವಲ್ಪ ಮೀರುತ್ತದೆ ಅನ್ನುವ ಮನೆಗಳಲ್ಲಿ ಕಾರಣ ಎಷ್ಟೋ ಸಲ ಇಷ್ಟೇ ಇರುತ್ತದೆ.

ಈಗ ಆದಾಯದ ಕಡೆ ಬರೋಣ. ನಿಮ್ಮಲ್ಲಿ ಒಬ್ಬರ ಆದಾಯ ಏರಿಳಿಯುತ್ತದೆ ಅಂದಿದ್ದೀರಿ. ಯಾವುದರ ಶೇಕಡಾ ಅನ್ನುವುದೇ ಗಟ್ಟಿಯಿಲ್ಲದಿದ್ದರೆ ಯಾವ ಸೂತ್ರವೂ ನಿಲ್ಲುವುದಿಲ್ಲ. ಖಾಯಂ ಸಂಬಳ 60 ಅಂತ ಇಟ್ಟುಕೊಳ್ಳಿ. ಇನ್ನೊಬ್ಬರದು ಸರಾಸರಿ 40, ಆದರೆ ಒಂದು ತಿಂಗಳು 20, ಇನ್ನೊಂದು ತಿಂಗಳು 70. ಬಜೆಟ್ಟನ್ನು 100ರ ಮೇಲೆ ಕಟ್ಟಿದರೆ ಏನಾಗುತ್ತದೆ? 20 ಬಂದ ತಿಂಗಳು ಕೊರತೆ. ಅದನ್ನು ಕಾರ್ಡೋ ಕೈಸಾಲವೋ ತುಂಬುತ್ತದೆ. 70 ಬಂದ ತಿಂಗಳು ಕೈ ಸಡಿಲ. ಕಾಗದದ ಮೇಲೆ ಸರಾಸರಿ ಸರಿ ಇದೆ, ಮನೆಯಲ್ಲಿ ಸಾಲ ಬೆಳೆಯುತ್ತಿದೆ.

ಇದಕ್ಕೆ ನಾನು ಹೇಳುವುದು ಒಂದೇ ದಾರಿ. ಕಳೆದ ವರ್ಷದ ತೀರಾ ಕಡಿಮೆ ತಿಂಗಳನ್ನು ಹಿಡಿಯಿರಿ. ಇಲ್ಲಿ 60 ಮತ್ತು 20, ಒಟ್ಟು 80. ಮನೆ ನಡೆಸುವ ಬಜೆಟ್ ಅದರ ಮೇಲೆ ನಿಲ್ಲಲಿ. ಏರಿಳಿಯುವ ಆದಾಯ ಎಲ್ಲ ಮೊದಲು ಒಂದು ಮಧ್ಯದ ಖಾತೆಗೆ ಬೀಳಲಿ. ಅಲ್ಲಿಂದ ಪ್ರತಿ ತಿಂಗಳೂ ಒಂದೇ ಮೊತ್ತ, ಅಂದರೆ 20, ಮನೆಯ ಖಾತೆಗೆ ಬರಲಿ. ಆ ಖಾತೆಯೇ ಅವರಿಗೆ ಸಂಬಳ ಕೊಡುತ್ತಿದೆ ಅಂತ ಭಾವಿಸಿ. ಮೂರ್ನಾಲ್ಕು ತಿಂಗಳಿಗೆ ಸಾಕಾಗುವಷ್ಟು ಅಲ್ಲಿ ನಿಂತ ಮೇಲೆ ಆ 'ಸಂಬಳ'ವನ್ನು ಸ್ವಲ್ಪ ಏರಿಸಬಹುದು. 80ರಲ್ಲಿ ಮನೆ ನಡೆಯುವುದೇ ಇಲ್ಲ ಅಂತ ಲೆಕ್ಕ ತೋರಿಸಿದರೆ, ಅದು ಬೇಸರದ ಸುದ್ದಿ ನಿಜ. ಆದರೆ ಸಾಲ ಬೆಳೆದ ಮೇಲೆ ತಿಳಿಯುವುದಕ್ಕಿಂತ ಈಗ ತಿಳಿಯುವುದು ಒಳ್ಳೆಯದು. ತೆರಿಗೆ ಕಡಿತವಾಗದೆ ಬರುವ ಆದಾಯವಾದರೆ ತೆರಿಗೆಯ ಪಾಲನ್ನು ಬಂದ ದಿನವೇ ಬೇರೆ ಇಡಿ. ಅದು ನಿಮ್ಮ ಹಣ ಅಲ್ಲ.

ಇನ್ನು ನಿಮ್ಮಿಬ್ಬರ ಜಗಳ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಲೆಕ್ಕ ತಪ್ಪಿದರೆ ತಿದ್ದಬಹುದು, ಜಗಳ ಬೆಳೆದರೆ ಲೆಕ್ಕ ಬರೆಯುವುದೇ ನಿಂತುಹೋಗುತ್ತದೆ.

'ಅಗತ್ಯವೋ ಆಸೆಯೋ' ಅನ್ನುವ ಪ್ರಶ್ನೆ ನೋಡಲು ಲೆಕ್ಕದ ಪ್ರಶ್ನೆಯಂತಿದೆ. ಒಳಗೆ ಅದು ಬೇರೆಯವರ ಇಷ್ಟವನ್ನು ತೂಗುವ ಪ್ರಶ್ನೆ. ಒಬ್ಬರಿಗೆ ಮಕ್ಕಳ ಸಂಗೀತದ ಕ್ಲಾಸು ಅಗತ್ಯ, ಇನ್ನೊಬ್ಬರಿಗೆ ಅದು ಆಸೆ. ವಾಹನ ಬೇಕೇ ಬೇಕಾ? ಈ ಮಾದರಿಯೇ ಬೇಕಿತ್ತಾ? ಇದಕ್ಕೆ ಕೊನೆ ಇಲ್ಲ. ನಾನು ಈ ಪ್ರಶ್ನೆಯನ್ನೇ ಬಿಟ್ಟು ಬೇರೊಂದು ಕೇಳುತ್ತೇನೆ: ನಾಳೆ ಆದಾಯ ನಿಂತರೆ ಈ ಖರ್ಚನ್ನು ಎಷ್ಟು ಬೇಗ ನಿಲ್ಲಿಸಬಹುದು?

ಬಾಡಿಗೆಯನ್ನು ಕೂಡಲೇ ನಿಲ್ಲಿಸಲಾಗದು. ವಾಹನದ ಕಂತೂ ಹಾಗೇ, ಆ ವಾಹನ ಅಗತ್ಯವೇ ಆಗಿರಲಿ, ಆಸೆಯೇ ಆಗಿರಲಿ. ಸಹಿ ಹಾಕಿದ ಮೇಲೆ ಅದು ಬಿಗಿ ಖರ್ಚು. ಇನ್ನೊಂದು ಕಡೆ ಊಟ ಎಲ್ಲಕ್ಕಿಂತ ದೊಡ್ಡ ಅಗತ್ಯ, ಆದರೆ ದಿನಸಿಯ ಮೊತ್ತವನ್ನು ಈ ವಾರವೇ ಸ್ವಲ್ಪ ಹಿಗ್ಗಿಸಬಹುದು, ಕುಗ್ಗಿಸಬಹುದು. ಅದು ಸಡಿಲ ಖರ್ಚು. ಹೀಗೆ ಬಿಗಿ, ಸಡಿಲ ಅಂತ ವಿಂಗಡಿಸಿದರೆ ಯಾರ ಇಷ್ಟವೂ ತಕ್ಕಡಿಗೆ ಬೀಳುವುದಿಲ್ಲ. ಒಪ್ಪಂದದ ಕಾಗದ ನೋಡಿದರೆ ಉತ್ತರ ಸಿಗುತ್ತದೆ. ಮನೆಗೆ ಅಪಾಯ ಎಷ್ಟಿದೆ ಅಂತ ಹೇಳುವುದೂ ಈ ಬಿಗಿ ಖರ್ಚಿನ ಪಾಲೇ. ಅದು ಅರ್ಧದೊಳಗೆ ಇದ್ದರೆ ನನಗೆ ಸಮಾಧಾನ. 60 ದಾಟಿದರೆ ಕಾಫಿ ತಿಂಡಿಯ ಖರ್ಚು ಕತ್ತರಿಸಿ ಏನೂ ಪ್ರಯೋಜನ ಇಲ್ಲ. ಬಾಡಿಗೆ ಒಪ್ಪಂದ ಮುಗಿಯುವ ದಿನ, ಸಾಲ ತೀರುವ ದಿನ, ಇಂಥ ತಿರುವುಗಳಲ್ಲೇ ಅದನ್ನು ಇಳಿಸಬೇಕು.

ಜಗಳಕ್ಕೆ ಇನ್ನೊಂದು ಮದ್ದು: ಇಬ್ಬರಿಗೂ ಕೈಖರ್ಚಿನ ಹಣ. ಇಬ್ಬರಿಗೂ ಸಮ. ದುಡಿಮೆ ಹೆಚ್ಚುಕಡಿಮೆ ಇದ್ದರೂ ಸಮವೇ ಇರಲಿ. ಅದನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಅಂತ ಯಾರೂ ಯಾರನ್ನೂ ಕೇಳಬಾರದು. ಮೊತ್ತ ಸಣ್ಣದಾದರೂ ಪರವಾಗಿಲ್ಲ, ಇರಬೇಕು. ಕೇಳಿ ಕೇಳಿ ಖರ್ಚು ಮಾಡಬೇಕಾದ ಮನೆಯಲ್ಲಿ ಬಿಲ್ಲು ಬಚ್ಚಿಡುವುದು ಶುರುವಾಗುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದು ತುಂಬಾ ನೋವಿನ ವಿಷಯ.

ನೀವು ಕೇಳಿದ ಶೇಕಡಾ ಲೆಕ್ಕಕ್ಕೆ ಈಗ ಬರಬಹುದು. ನಿಮ್ಮ 65-70ರೊಳಗೆ ಕೂರುವಂತೆ ನಾನೊಂದು ಮಾದರಿ ಹಾಕುತ್ತೇನೆ. ಇಲ್ಲಿನ 100 ಅಂದರೆ ನೀವು ಬಜೆಟ್‌ಗೆ ಹಿಡಿದ ಕನಿಷ್ಠ ಆದಾಯ. ಮನೆ ಬಾಡಿಗೆ 26, ವಾಹನದ ಕಂತು 9, ವಿದ್ಯುತ್ತು, ನೀರು, ಫೋನು, ಇಂಟರ್‌ನೆಟ್ 6. ಬಿಗಿ ಖರ್ಚು ಇಲ್ಲಿಗೆ 41. ದಿನಸಿ 18, ಓಡಾಟ 5, ಔಷಧಿ, ಬಟ್ಟೆ, ಮನೆ ಸಾಮಾನು 4. ಇದು 27. ಎರಡೂ ಸೇರಿ 68. ವರ್ಷದ ಖರ್ಚಿನ ಖಾತೆಗೆ 10. ಇಬ್ಬರ ಕೈಖರ್ಚು ತಲಾ 3, ಎಲ್ಲರೂ ಕೂಡಿ ಹೊರಗೆ ಹೋಗುವುದಕ್ಕೆ 4. ಉಳಿತಾಯಕ್ಕೆ 12.

ಸೂತ್ರ ಹಿಡಿದು ನೋಡಿದರೆ ಈ ಮನೆ ಸೋತಿದೆ. ನನ್ನ ಕಣ್ಣಿಗೆ ಇದು ಗಟ್ಟಿ ಮನೆ. ಬಿಗಿ ಖರ್ಚು ಅರ್ಧದೊಳಗಿದೆ. ವರ್ಷದಲ್ಲಿ ಬರುವುದಕ್ಕೆಲ್ಲ ಜಾಗ ಇದೆ. 12 ಉಳಿತಾಯ ನಿಜವಾಗಿಯೂ ಉಳಿಯುವ 12. ಕಾಗದದ ಮೇಲೆ 20 ಬರೆದು, ತಿಂಗಳ ಕೊನೆಗೆ ಅದರಿಂದಲೇ 15 ವಾಪಸು ತೆಗೆಯುವುದಕ್ಕಿಂತ ಇದು ಎಷ್ಟೋ ಮೇಲು. ಆ ಉಳಿತಾಯವನ್ನು ತಿಂಗಳ ಕೊನೆಯವರೆಗೆ ಕಾಯಿಸಬೇಡಿ. ಸಂಬಳ ಬಂದ ದಿನವೇ ತಾನಾಗಿ ವರ್ಗಾವಣೆ ಆಗುವಂತೆ ಮಾಡಿಬಿಡಿ.

ಬಾಬತ್ತುಗಳ ಸಂಖ್ಯೆ ಎಷ್ಟಿರಬೇಕು ಅಂತ ಎಷ್ಟೋ ಜನ ಕೇಳುತ್ತಾರೆ. ಮನೆಗಳ ಖರ್ಚನ್ನು ಅಳೆಯಲು ವಿಶ್ವಸಂಸ್ಥೆ 2018ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಕುಟುಂಬದ ಖರ್ಚಿಗೆ 13 ಮುಖ್ಯ ವಿಭಾಗಗಳಿವೆ. ಇಡೀ ದೇಶದ ಲೆಕ್ಕಕ್ಕೇ 13 ಸಾಕಾದರೆ ಒಂದು ಮನೆಗೆ ಮೂವತ್ತು ಯಾಕೆ? ಎಂಟರಿಂದ ಹತ್ತು ಧಾರಾಳ ಆಯಿತು. ಸೋಪಿಗೊಂದು, ಪೇಪರಿಗೊಂದು ಅಂತ ಮಾಡಿದರೆ ಬರೆಯುವ ಕೈಯೇ ಸೋಲುತ್ತದೆ.

ಹಣವನ್ನು ಬಾಬತ್ತುಗಳಾಗಿ ಬೇರೆ ಮಾಡುವುದರಲ್ಲಿ ಒಂದು ಹಳ್ಳವೂ ಇದೆ. ಮನಸ್ಸಿನೊಳಗೆ ನಾವು ಹಣಕ್ಕೆ ಬೇರೆ ಬೇರೆ ಹೆಸರು ಕೊಟ್ಟು, ಒಂದರದ್ದನ್ನು ಇನ್ನೊಂದಕ್ಕೆ ಮುಟ್ಟದೆ ಇಡುತ್ತೇವೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿದರು. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಈ ಅಭ್ಯಾಸ ನಮ್ಮನ್ನು ಕಾಯುತ್ತದೆ, ವರ್ಷದ ಖರ್ಚಿನ ಖಾತೆ ಕೆಲಸ ಮಾಡುವುದೇ ಇದರಿಂದ. ಆದರೆ ಇದೇ ಅಭ್ಯಾಸದಿಂದ ಒಂದು ಕಡೆ ಕಡಿಮೆ ಬಡ್ಡಿಯ ಠೇವಣಿ ಇಟ್ಟುಕೊಂಡು ಇನ್ನೊಂದು ಕಡೆ ಕಾರ್ಡಿನ ಬಾಕಿಗೆ ಭಾರಿ ಬಡ್ಡಿ ಕಟ್ಟುತ್ತಾ ಕೂರುವವರೂ ಇದ್ದಾರೆ. ತಿಂಗಳಿಗೆ ಶೇ 3 ಬಡ್ಡಿಯ ಬಾಕಿಯನ್ನು ಕಟ್ಟದೆ ಬಿಟ್ಟರೆ, ಚಕ್ರಬಡ್ಡಿಯಲ್ಲಿ ಅದು ಸುಮಾರು 24 ತಿಂಗಳಲ್ಲಿ ಎರಡರಷ್ಟಾಗುತ್ತದೆ. ಅಂಥ ಬಾಕಿ ಇದ್ದಾಗ ಅದನ್ನು ತೀರಿಸುವುದಕ್ಕಿಂತ ಒಳ್ಳೆಯ ಉಳಿತಾಯ ಇಲ್ಲ.

ಹಾಗಾಗಿ ಆ 12ರ ದಾರಿ ಹೀಗಿರಲಿ. ಮೊದಲು ಒಂದು ತಿಂಗಳ ಮನೆ ಖರ್ಚಿನಷ್ಟು ತುರ್ತು ಹಣ. ಅದು ಇಲ್ಲದೆ ಸಾಲ ತೀರಿಸಲು ಹೊರಟರೆ ಮೊದಲ ಕಾಯಿಲೆಗೇ ಹೊಸ ಸಾಲ ಆಗುತ್ತದೆ. ಆಮೇಲೆ ಕಾರ್ಡಿನಂಥ ದುಬಾರಿ ಬಾಕಿ ಇದ್ದರೆ ಅದು ಪೂರ್ತಿ ತೀರಲಿ. ಅದು ಮುಗಿದ ಮೇಲೆ ತುರ್ತು ಹಣವನ್ನು ಮೂರರಿಂದ ಆರು ತಿಂಗಳ ಖರ್ಚಿನವರೆಗೆ ಬೆಳೆಸಿ. ನಿಮ್ಮ ಮನೆಯಲ್ಲಿ ಒಬ್ಬರ ಆದಾಯ ಏರಿಳಿಯುವುದರಿಂದ ಆರರ ಕಡೆಗೇ ಹೋಗಿ ಅನ್ನುತ್ತೇನೆ. ನಿವೃತ್ತಿ, ಮಕ್ಕಳ ಮುಂದಿನ ಓದು ಇದರ ನಂತರ. ಕೆಲಸ ಕೊಡುವವರು ನಿವೃತ್ತಿಯ ಖಾತೆಗೆ ನಿಮ್ಮಷ್ಟೇ ಹಣ ಸೇರಿಸುತ್ತಾರೆ ಅಂತಿದ್ದರೆ ಅದನ್ನು ಮಾತ್ರ ಬಿಡಬೇಡಿ.

ತಿಂಗಳಿಗೊಮ್ಮೆ ಅರ್ಧ ಗಂಟೆ ಇಬ್ಬರೂ ಕೂತು ನೋಡಿ. ತಪ್ಪು ಯಾರದು ಅಂತ ಹುಡುಕಬೇಡಿ. ಯಾವ ಬಾಬತ್ತು ಮೀರಿತು, ಅದನ್ನು ಯಾವುದರಿಂದ ತುಂಬುವುದು, ಇಷ್ಟೇ ಮಾತು. ಒಂದು ಬಾಬತ್ತು ಒಂದು ತಿಂಗಳು ಮೀರಿದರೆ ಸುಮ್ನೆ ಬಿಡಿ. ಮೂರು ತಿಂಗಳು ಸತತವಾಗಿ ಮೀರಿದರೆ ಅದಕ್ಕೆ ಇಟ್ಟ ಅಂಕಿಯೇ ತಪ್ಪು, ಅದನ್ನು ಏರಿಸಿ. ಎಲ್ಲಿಂದ ಇಳಿಸುತ್ತೀರಿ ಅನ್ನುವುದನ್ನು ಅವತ್ತೇ ಬರೆಯಿರಿ. ನೂರು ನೂರಾಗಿಯೇ ಇರಬೇಕು.

ಒಂದು ವಿಷಯ ನೀವು ಬರೆದಿಲ್ಲ: ವಾಹನದ ಸಾಲಕ್ಕೆ ಇನ್ನು ಎಷ್ಟು ಕಂತು ಉಳಿದಿವೆ? ಇವತ್ತೇ ನೋಡಿ. ಕೊನೆಯ ಕಂತಿನ ದಿನಾಂಕವನ್ನು ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ. ಆ ದಿನ 9 ಬಿಡುಗಡೆ ಆಗುತ್ತದೆ. ಏನೂ ಮಾಡದಿದ್ದರೆ ಎರಡೇ ತಿಂಗಳಲ್ಲಿ ಅದು ಸಡಿಲ ಖರ್ಚಿನೊಳಗೆ ಕರಗಿಹೋಗುತ್ತದೆ, ಎಲ್ಲಿ ಹೋಯಿತು ಅಂತಲೂ ತಿಳಿಯುವುದಿಲ್ಲ. ಕೊನೆಯ ಕಂತು ಕಟ್ಟಿದ ಮರುತಿಂಗಳಿಂದ ಅದೇ ದಿನಾಂಕಕ್ಕೆ, ಅದೇ ಮೊತ್ತ ಉಳಿತಾಯದ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಮೊದಲೇ ಹೇಳಿಡಿ. 12ರ ಜೊತೆ ಸೇರಿ 21 ಆಗುತ್ತದೆ.